ಹಳೇ ಆಟದ ವಿಎಚ್‌ಎಸ್ ಟೇಪು: ಚುಕ್ಕಿ ಹೋಗಬೇಕು, ಮಂಡಿ ಉಳಿಯಬೇಕು

ಟೇಪು 1990ರ ದಶಕದ್ದು. ಕುಂದಾಪುರದ ಹತ್ತಿರ ನಮ್ಮ ಮಾವನ ಮನೆಯವರು ಆಡಿಸಿದ ಹರಕೆಯ ಯಕ್ಷಗಾನ ಆಟ, ಬಡಗುತಿಟ್ಟು, ಅಂದರೆ ಬಡಗಿನ (ಉತ್ತರದ ಕಡೆಯ) ಶೈಲಿ. ಮದುವೆ ವಿಡಿಯೋದವರು ಹೆಗಲ ಮೇಲಿಟ್ಟು ಹಿಡಿಯುತ್ತಿದ್ದ ದೊಡ್ಡ ಕ್ಯಾಮೆರಾದಲ್ಲಿ ತೆಗೆದದ್ದು. ಆಟ ಬೆಳಗಿನವರೆಗೆ, ಟೇಪು ಇ-180, ಅಂದರೆ ಮೂರು ಗಂಟೆಯದ್ದು. ಹಾಗಾಗಿ ಸಿಕ್ಕಿದ್ದು ಅಷ್ಟೇ. ಅದೃಷ್ಟಕ್ಕೆ ಅಭಿಮನ್ಯುವಿನ ವೇಷ ರಂಗಸ್ಥಳಕ್ಕೆ ಬಂದು ಮಂಡಿ ಹಾಕುವ, ಅಂದರೆ ಮೊಣಕಾಲೂರಿ ತಿರುಗುವ ಭಾಗ ಪೂರ್ತಿ ಇದೆ.

ಇದನ್ನು ಎಷ್ಟೋ ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಡಿವಿಡಿ ಮಾಡಿಸಿದ್ದರು. ಹಾಕಿ ನೋಡಿದ ಮಾವನ ಮಾತು ಒಂದೇ: "ಎಂತ ಮಾರಾಯ, ಕಾಲೇ ಕಾಣುದಿಲ್ಲ!" ನಿಜವೇ. ವೇಷಧಾರಿ ಮೊಣಕಾಲೂರಿ ಗಿರಗಿರ ತಿರುಗುವಾಗ ಒಬ್ಬನಿಗೆ ನಾಲ್ಕು ಕೈ, ಎರಡು ಮುಖ. ಒಂದೊಂದೇ ಫ್ರೇಮ್ ನಿಲ್ಲಿಸಿ ನೋಡಿದರೂ ಹಾಗೇ. ಅಂಗಡಿಯವರು ಎರಡು ಫೀಲ್ಡ್‌ಗಳನ್ನು ಕಲಸಿ ಒಂದು ಮಾಡಿದ್ದರು. ಅದರ ಮೇಲೆ ಚುಕ್ಕಿ (ನಾಯ್ಸ್) ಅಳಿಸುವ ಡಿನಾಯ್ಸ್ ಬೇರೆ ಹೊಡೆದಿದ್ದರು. ಆ ಡಿವಿಡಿಯಿಂದ ಏನೂ ಆಗುವುದಿಲ್ಲ, ಮೂಲ ಟೇಪಿಗೇ ಹೋಗಬೇಕು ಅಂತ ಹೊರಟೆ.

ಇಲ್ಲಿ ಸ್ವಲ್ಪ ನಿಂತು ಫೀಲ್ಡ್ ಅಂದರೇನು ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಅದರ ಮೇಲೆಯೇ ನಿಂತಿದೆ.

ನಮ್ಮಲ್ಲಿ ಇದ್ದದ್ದು ಪಾಲ್ ಅನ್ನುವ ಟಿವಿ ಪದ್ಧತಿ. ಸೆಕೆಂಡಿಗೆ 25 ಫ್ರೇಮ್, ಒಂದೊಂದರಲ್ಲಿ ಕಣ್ಣಿಗೆ ಕಾಣುವ 576 ಗೆರೆ. ಆದರೆ ಕ್ಯಾಮೆರಾ ಆ 576 ಗೆರೆಗಳನ್ನು ಒಟ್ಟಿಗೆ ತೆಗೆಯುವುದಿಲ್ಲ. ಮೊದಲು ಒಂದು ಬಿಟ್ಟು ಒಂದು ಗೆರೆ, 288. ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದ ಮೇಲೆ ನಡುವೆ ಬಿಟ್ಟ 288. ಈ ಅರ್ಧರ್ಧಕ್ಕೇ ಫೀಲ್ಡ್ ಅನ್ನುವುದು. ವಿಎಚ್‌ಎಸ್ ಯಂತ್ರದೊಳಗೂ ಇದು ಹಾಗೆಯೇ ಇದೆ. ಟೇಪನ್ನು ಓದಿ ಬರೆಯುವ ಹೆಡ್ ಇರುವ ಡ್ರಮ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಎದುರುಬದುರು ಎರಡು ಹೆಡ್. ಪ್ರತಿ ಸುತ್ತಿನಲ್ಲಿ ಒಂದು ಹೆಡ್ ಒಂದು ಫೀಲ್ಡ್ ಬರೆಯುತ್ತದೆ, ಇನ್ನೊಂದು ಹೆಡ್ ಇನ್ನೊಂದು ಫೀಲ್ಡ್. ಹಾಗಾಗಿ ಟೇಪಿನಲ್ಲಿ ಇರುವುದು 25 ಚಿತ್ರ ಅಲ್ಲ. ಸೆಕೆಂಡಿಗೆ 50 ಬೇರೆ ಬೇರೆ ಕ್ಷಣ.

ಅಲುಗದೆ ಇರುವ ಭಾಗವತರಿಗೆ ಇದರಿಂದ ವ್ಯತ್ಯಾಸ ಇಲ್ಲ. ಮಂಡಿ ಹಾಕುವ ವೇಷಕ್ಕೆ ಇದೆ. ಒಂದು ಕ್ಷಣ ಎಡಕ್ಕಿದ್ದ ಕೈ ಮುಂದಿನ ಫೀಲ್ಡಿನಲ್ಲಿ ಒಂದು ಗೇಣು ಆಚೆ ಹೋಗಿರುತ್ತದೆ. ಎರಡನ್ನೂ ಒಂದರೊಳಗೊಂದು ಹೆಣೆದು ಕಂಪ್ಯೂಟರಿನಲ್ಲಿ ತೋರಿಸಿದರೆ ಅಂಚಿನಲ್ಲಿ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಏಳುತ್ತವೆ. ನೋಡಲು ಅಸಹ್ಯ, ಆದರೆ ಅದರಿಂದ ಕೆಟ್ಟದ್ದೇನೂ ಆಗಿಲ್ಲ. ಗೆರೆಗಳನ್ನು ಮತ್ತೆ ಬಿಡಿಸಿದರೆ ಎರಡು ಕ್ಷಣವೂ ಹಾಗೇ ಸಿಗುತ್ತವೆ. ಕಲಸಿದರೆ ಮಾತ್ರ ಮುಗಿಯಿತು, ಯಾವ ಫಿಲ್ಟರ್ ಹಾಕಿದರೂ ಬೇರೆ ಮಾಡಲು ಬರುವುದಿಲ್ಲ. ಅಂಗಡಿಯ ಡಿವಿಡಿಯಲ್ಲಿ ಆಗಿದ್ದು ಅದೇ.

ಟೇಪು ತೊಳೆದದ್ದು

ಕರಾವಳಿಯ ಮನೆಯಲ್ಲಿ ಅಷ್ಟು ಮಳೆಗಾಲ ಕಂಡ ಟೇಪು. ಕ್ಯಾಸೆಟ್ಟಿನ ಕಿಟಕಿಯಲ್ಲಿ ನೋಡಿದರೆ ಸುರುಳಿಯ ಅಂಚಿನ ಮೇಲೆ ಬಿಳಿ ಬಿಳಿ ಬೂಸ್ಟು. ಇಂಥದ್ದನ್ನು ಸೀದಾ ವಿಸಿಆರ್‌ಗೆ ಹಾಕಬಾರದು. ಬೂಸ್ಟು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಂದ ಮುಂದಿನ ಟೇಪಿಗೂ ಹೋಗುತ್ತದೆ. ಮಳೆ ಕಳೆದು ಗಾಳಿ ಒಣಗುವವರೆಗೆ ಕಾದೆ. ಆಮೇಲೆ ತಿರುಪು ಬಿಚ್ಚಿ, ಸುರುಳಿಗಳನ್ನು ಹೊರತೆಗೆದು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಅಂಚಿನ ಬೂಸ್ಟನ್ನು ಒಣ ಬಟ್ಟೆಯಿಂದ ಒರೆಸಿದೆ. ಒಂದು ಖಾಲಿ ಕ್ಯಾಸೆಟ್ಟಿನ ಒಳ್ಳೇ ಚಿಪ್ಪಿಗೆ ಅವನ್ನು ಕೂರಿಸಿದೆ. ಗುಜರಿಗೆ ಹೋಗಬೇಕಿದ್ದ ಇನ್ನೊಂದು ವಿಸಿಆರ್‌ನ ಮುಚ್ಚಳ ತೆಗೆದು, ಟೇಪು ಹಾಯುವ ದಾರಿಯಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ನಾರು ಬಿಡದ ಬಟ್ಟೆ ಇಟ್ಟು ನಿಧಾನಕ್ಕೆ ಈ ಕಡೆಯಿಂದ ಆ ಕಡೆ ಸುತ್ತಿಸಿದೆ. 258 ಮೀಟರ್ ಟೇಪು. ಬಟ್ಟೆ ಬದಲಿಸಿ ಬದಲಿಸಿ ಸಾಕಾಯಿತು.

ಕ್ಯಾಪ್ಚರ್

ಒಳ್ಳೇ ಸ್ಥಿತಿಯ ಎಸ್-ವಿಎಚ್‌ಎಸ್ ವಿಸಿಆರ್ ಒಂದು ಸೆಕೆಂಡ್ ಹ್ಯಾಂಡ್ ಸಿಕ್ಕಿತ್ತು. ಅದರಿಂದ ಬೆಳಕು, ಬಣ್ಣ ಎರಡನ್ನೂ ಬೇರೆ ಬೇರೆಯಾಗಿ ಕಳಿಸುವ ಎಸ್-ವಿಡಿಯೋ ಕೇಬಲ್. ವಿಎಚ್‌ಎಸ್‌ನಲ್ಲಿ ಬೆಳಕಿನ ಸಿಗ್ನಲ್ ಬೇರೆ, ಬಣ್ಣದ್ದು ಬೇರೆ ಬರೆದಿರುತ್ತಾರೆ. ಹಳದಿ ಪಿನ್ನಿನ ಕೇಬಲ್ಲಿನಲ್ಲಿ ಎರಡನ್ನೂ ಬೆರೆಸಿ ಕಳಿಸಿ, ಆ ಕಡೆ ಮತ್ತೆ ಬೇರ್ಪಡಿಸುವುದು ಸುಮ್ನೆ ದಂಡ. ನಡುವೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟೆ, ರೆಕಾರ್ಡ್ ಮಾಡಲಿಕ್ಕಲ್ಲ, ಹಾಯಿಸಲಿಕ್ಕೆ. ಅಂಥ ಕೆಲವು ಯಂತ್ರಗಳು ಒಳಗೆ ಬಂದ ಗೆರೆಗಳನ್ನು ನೆಟ್ಟಗೆ ಜೋಡಿಸಿ ಹೊರಬಿಡುತ್ತವೆ. ರಂಗಸ್ಥಳದ ಕಂಬ ಅಲುಗಾಡುವ ಹಾವಿನ ಥರ ಕಾಣುತ್ತಿದ್ದದ್ದು ನೆಟ್ಟಗೆ ನಿಂತಿತು. ಮುಂದೆ ಯಾವ ಫಿಲ್ಟರೂ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಕಂಪ್ಯೂಟರಿನಲ್ಲಿ ಟೇಪನ್ನು ಫೈಲಾಗಿ ಇಳಿಸಿಕೊಳ್ಳಲು (ಇದೇ ಕ್ಯಾಪ್ಚರ್) ವರ್ಚುವಲ್‌ಡಬ್ ಸಾಫ್ಟ್‌ವೇರ್. 720ಕ್ಕೆ 576, ಸೆಕೆಂಡಿಗೆ 25 ಫ್ರೇಮ್, ವೈಯುವೈ2 ಬಣ್ಣ, ಹಫ್‌ವೈಯುವಿ ಕಂಪ್ರೆಶನ್. ಏನೂ ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 75 ಜಿಬಿ ಆಗುತ್ತದೆ. ಹಫ್‌ವೈಯುವಿ ಒಂದು ಬಿಂದುವನ್ನೂ ಕೆಡಿಸದೆ ಅದನ್ನು ಸಾಕಷ್ಟು ಇಳಿಸುತ್ತದೆ. ಕ್ಯಾಪ್ಚರ್ ಕಾರ್ಡಿನ ಜೊತೆ ಬರುವ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸ್ (ಹೆಣೆದ ಫೀಲ್ಡ್‌ಗಳನ್ನು ಹಲ್ಲಿಲ್ಲದ ಪೂರ್ತಿ ಫ್ರೇಮ್ ಮಾಡುವುದು) ಅಂತ ಒಂದು ಟಿಕ್ ಇರುತ್ತದೆ, ಬಹಳ ಸಲ ಮೊದಲೇ ಹಾಕಿಯೂ ಇರುತ್ತದೆ. ತೆಗೆಯಿರಿ. ಈ ಹಂತದಲ್ಲಿ ಹಲ್ಲು ಹಲ್ಲು ಗೆರೆ ಕಂಡರೆ ಸರಿಯಾಗಿದೆ ಅಂತ ಅರ್ಥ.

ಬ್ರೈಟ್‌ನೆಸ್ ಕೂಡ ಇಲ್ಲೇ ಸರಿ ಮಾಡಬೇಕು. ಹ್ಯಾಲೋಜನ್ ದೀಪದ ಕೆಳಗೆ ಕಿರೀಟ, ಭುಜಕೀರ್ತಿ ಎಲ್ಲ ಬಿಳಿ ಹೊಡೆದಿದ್ದವು. ಹಿಸ್ಟೊಗ್ರಾಮ್ (ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡಿಕೊಂಡು ಕಾರ್ಡಿನ ಸೆಟ್ಟಿಂಗಿನಲ್ಲಿ ಇಳಿಸಿದಾಗ ಒಳಗಿನ ಬೇಗಡೆಯ ಕೆತ್ತನೆ ಸ್ವಲ್ಪ ಮೇಲೆ ಬಂತು. ಕ್ಯಾಪ್ಚರ್ ಆದ ಮೇಲೆ ಇಳಿಸಿದರೆ ಬಿಳಿ ಬೂದಿಯಾಗುತ್ತದೆ ಅಷ್ಟೇ, ಕೆತ್ತನೆ ಬರುವುದಿಲ್ಲ.

ಒಂದು ಫೀಲ್ಡ್ ಮಾತ್ರ ಕೊಳಕು

ಸಿಕ್ಕಿದ ಫೈಲನ್ನು ಅವಿಸಿಂತ್ ಅನ್ನುವ ವಿಡಿಯೋ ತಿದ್ದುವ ಸಾಫ್ಟ್‌ವೇರಿನಲ್ಲಿ ತೆರೆದು ಫೀಲ್ಡ್ ಬೇರ್ಪಡಿಸಿ, ಸಮ ಸಂಖ್ಯೆಯವು ಮಾತ್ರ ಒಂದು ಕಿಟಕಿಯಲ್ಲಿ, ಬೆಸ ಸಂಖ್ಯೆಯವು ಮಾತ್ರ ಇನ್ನೊಂದರಲ್ಲಿ ಹಾಕಿ ನೋಡಿದೆ. ಈ ಪರೀಕ್ಷೆಯನ್ನು ಯಾರೂ ಜಾಸ್ತಿ ಮಾಡುವುದಿಲ್ಲ, ಮಾಡಬೇಕು. ಒಂದರಲ್ಲಿ ಚುಕ್ಕಿ ಹದವಾಗಿತ್ತು. ಇನ್ನೊಂದರಲ್ಲಿ ಕಪ್ಪು ಪರದೆಯ ಮೇಲೆಲ್ಲ ಬಿಳಿ ಗೀರು, ಅಡ್ಡಡ್ಡಕ್ಕೆ, ಎಡೆಬಿಡದೆ. ಪೂರ್ತಿ ವಿಡಿಯೋ ಓಡಿಸಿದಾಗ ಇದು ಬರೀ "ಹಳೇ ಟೇಪು, ಹಾಗೇ ಇರ್ತದೆ" ಅನ್ನುವಂತೆ ಕಂಡಿತ್ತು.

ಎರಡು ಹೆಡ್‌ಗಳ ಕೋನ ಬೇರೆ ಬೇರೆ. ಒಂದು ಈ ಕಡೆ 6 ಡಿಗ್ರಿ, ಇನ್ನೊಂದು ಆ ಕಡೆ 6 ಡಿಗ್ರಿ. ಹಾಗಾಗಿ ಒಂದು ಹೆಡ್ ಬರೆದದ್ದನ್ನು ಅದೇ ಕೋನದ ಹೆಡ್ ಮಾತ್ರ ಓದಬಲ್ಲದು. ಒಂದೇ ಜಾತಿಯ ಫೀಲ್ಡ್ ಯಾವಾಗಲೂ ಕೊಳಕಾಗಿ ಬಂದರೆ ಒಂದು ಹೆಡ್ಡಿನ ಮೇಲೆ ಅನುಮಾನ ಪಡಬೇಕು. ಅದು ಬರೆದ ಕ್ಯಾಮೆರಾದ್ದೂ ಇರಬಹುದು, ಓದುವ ವಿಸಿಆರ್‌ದ್ದೂ ಇರಬಹುದು. ಮುಚ್ಚಳ ತೆಗೆದು, ಆಲ್ಕೋಹಾಲಿನಲ್ಲಿ ನೆನೆಸಿದ ಕಾಗದದ ತುಂಡನ್ನು ಡ್ರಮ್ಮಿಗೆ ಅಲುಗದಂತೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಡ್ರಮ್ಮನ್ನು ನಿಧಾನಕ್ಕೆ ತಿರುಗಿಸಿದೆ. ಕಾಗದವನ್ನು ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ, ಆಮೇಲೆ ಆ ವಿಸಿಆರ್ ಗುಜರಿಗೇ. ಕಾಗದದ ಮೇಲೆ ಕಂದು ಗೆರೆ ಬಂತು. ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಮತ್ತೆ ಕ್ಯಾಪ್ಚರ್ ಮಾಡಿದಾಗ ಎರಡೂ ಫೀಲ್ಡ್ ಹೆಚ್ಚುಕಮ್ಮಿ ಒಂದೇ ಆದವು. ಸಾಫ್ಟ್‌ವೇರಿನಲ್ಲಿ ತೆಗೆಯಬೇಕಿದ್ದ ನಾಯ್ಸ್‌ನ ದೊಡ್ಡ ಪಾಲು ಆ ಕಾಗದದ ಮೇಲೆ ಹೋಯಿತು.

ಯಾವುದು ಮೊದಲು

ಎರಡು ಪ್ರಶ್ನೆ. ಯಾವ ಫೀಲ್ಡ್ ಮೊದಲು? ಮತ್ತೆ, ಡಿನಾಯ್ಸ್ ಮೊದಲೋ ಡಿಇಂಟರ್‌ಲೇಸ್ ಮೊದಲೋ?

ಮೊದಲನೆಯದು ಸುಲಭ. ಮೇಲಿನ ಗೆರೆಯ ಫೀಲ್ಡ್ ಮೊದಲು ಅಂತ ಹೇಳಿ ಫೀಲ್ಡ್ ಬೇರ್ಪಡಿಸಿ, ಮಂಡಿಯ ಭಾಗವನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ಒತ್ತುತ್ತಾ ನೋಡುವುದು. ಕೈ ಒಂದೇ ದಿಕ್ಕಿಗೆ ಸಾಗಿದರೆ ಸರಿ. ಮುಂದೆ, ಹಿಂದೆ, ಮುಂದೆ, ಹಿಂದೆ ಅಂತ ತಡಬಡಿಸಿದರೆ ತಿರುಗಾಮುರುಗಾ ಆಗಿದೆ. ನನ್ನದು ಮೇಲಿನದೇ ಮೊದಲು. ಡಿವಿ (ಡಿಜಿಟಲ್ ಟೇಪಿನ) ಕ್ಯಾಮೆರಾದ ಟೇಪಾದರೆ ಕೆಳಗಿನದು ಮೊದಲು ಇರುತ್ತದೆ. ಫೈಲಿನಲ್ಲಿ ಬರೆದಿರುವ ಗುರುತನ್ನು ನಂಬಬೇಡಿ, ಕಣ್ಣನ್ನು ನಂಬಿ.

ಎರಡನೆಯದಕ್ಕೆ ಮೂರು ಥರ ಮಾಡಿ ನೋಡಿದೆ. ಮೊದಲು ಅಂಗಡಿಯವರು ಮಾಡಿರಬಹುದಾದ ರೀತಿ: ಹೆಣೆದ ಫ್ರೇಮಿನ ಮೇಲೇ ಡಿನಾಯ್ಸ್. ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರಿನ ಎಚ್‌ಕ್ಯೂಡಿಎನ್3ಡಿ ಫಿಲ್ಟರ್ ಹಾಕಿದೆ. ಅದು ಒಂದು ಬಿಂದುವನ್ನು ಅಕ್ಕಪಕ್ಕ, ಮೇಲೆ ಕೆಳಗೆ, ಹಿಂದೆ ಏನಿದೆ ಅಂತ ನೋಡಿ ಸಮ ಮಾಡುತ್ತದೆ. ಹೀಗೆ ಹೆಣೆದ (ಇಂಟರ್‌ಲೇಸ್) ಫ್ರೇಮಿನಲ್ಲಿ ಮೇಲಿನ ಗೆರೆ ಬೇರೆ ಕ್ಷಣದ್ದು ಅಲ್ವಾ? ಫಿಲ್ಟರಿಗೆ ಅದು ಗೊತ್ತಿಲ್ಲ. ಹಲ್ಲುಗಳ ತುದಿ ಸವೆದು ಅರ್ಧಂಬರ್ಧ ಕಲಸಿಹೋಯಿತು. ಆಮೇಲೆ ಡಿಇಂಟರ್‌ಲೇಸ್ ಮಾಡಿದರೆ ಕೈಯ ಸುತ್ತ ನೆರಳು. ಡಿವಿಡಿಯಲ್ಲಿದ್ದದ್ದೇ, ಸ್ವಲ್ಪ ತೆಳುವಾಗಿ.

ಎರಡನೇ ರೀತಿ, ಫೀಲ್ಡ್ ಬೇರ್ಪಡಿಸಿ, ಸಮ ಫೀಲ್ಡ್‌ಗಳನ್ನು ಸಮದ ಜೊತೆ, ಬೆಸವನ್ನು ಬೆಸದ ಜೊತೆ ಡಿನಾಯ್ಸ್ ಮಾಡಿ ಮತ್ತೆ ಹೆಣೆಯುವುದು. ಇದರಲ್ಲಿ ಮೋಸ ಇಲ್ಲ. ಇಂಟರ್‌ಲೇಸ್ ಆಗಿಯೇ ಡಿವಿಡಿಗೆ ಹೋಗಬೇಕಿದ್ದರೆ ಇದನ್ನೇ ಮಾಡುತ್ತಿದ್ದೆ. ಆದರೆ ಸಮದಿಂದ ಸಮಕ್ಕೆ ಇರುವ ಅಂತರ ಐವತ್ತನೇ ಒಂದಲ್ಲ, ಇಪ್ಪತ್ತೈದನೇ ಒಂದು ಸೆಕೆಂಡ್. ಮಂಡಿಯಲ್ಲಿ ಅಷ್ಟರೊಳಗೆ ವೇಷ ಬಹಳ ತಿರುಗಿರುತ್ತದೆ, ಹಿಂದಿನ ಚಿತ್ರದಲ್ಲಿ ಇದೇ ಕೈ ಎಲ್ಲಿತ್ತು ಅಂತ ಹುಡುಕಲು ಫಿಲ್ಟರಿಗೆ ಕಷ್ಟ. ಪ್ರತಿ ಫೀಲ್ಡಿಗೆ ಅರ್ಧ ಎತ್ತರದ ವಿವರ ಮಾತ್ರ ಬೇರೆ.

ಮೂರನೇದೇ ನಿಂತಿತು: ಮೊದಲು ಕ್ಯೂಟಿಜಿಎಂಸಿ ಅನ್ನುವ ಡಿಇಂಟರ್‌ಲೇಸರ್ ಹಾಕಿ 50 ಫೀಲ್ಡನ್ನು 50 ಪೂರ್ತಿ ಫ್ರೇಮ್ ಮಾಡುವುದು, ಆಮೇಲೆ ಡಿನಾಯ್ಸ್. ಇಲ್ಲೂ ಒಂದು ತೊಡಕಿದೆ. ಚುಕ್ಕಿ ಜಾಸ್ತಿ ಇರುವ ವಿಡಿಯೋವನ್ನು ಸಾಧಾರಣ ಡಿಇಂಟರ್‌ಲೇಸರಿಗೆ ಕೊಟ್ಟರೆ ಅದು ಚುಕ್ಕಿಯನ್ನೇ ಚಲನೆ ಅಂದುಕೊಳ್ಳುತ್ತದೆ. ಎಫ್‌ಎಫ್‌ಎಂಪೆಗ್‌ನ ಯಾಡಿಫ್ ಹಾಕಿದಾಗ ಹಿಂದಿನ ಪರದೆ ನಿಂತೇ ಇದ್ದರೂ ಅದರ ಗೆರೆಗಳು ಮೇಲೆ ಕೆಳಗೆ ನಡುಗುತ್ತಿದ್ದವು. ಕ್ಯೂಟಿಜಿಎಂಸಿ ಹಾಗಲ್ಲ. ಅದು ಅಕ್ಕಪಕ್ಕದ ಫೀಲ್ಡ್‌ಗಳಲ್ಲಿ ಪ್ರತಿ ತುಂಡು ಎಲ್ಲಿಗೆ ಹೋಯಿತು ಅಂತ ಹುಡುಕಿ, ಅಲ್ಲಿಂದ ವಿವರ ತಂದು ತುಂಬುತ್ತದೆ. ಹಾಗೆ ತರುವಾಗಲೇ ಚುಕ್ಕಿ ಅರ್ಧ ಇಳಿದಿರುತ್ತದೆ.

ಇದರ ಪರೀಕ್ಷೆಗೆ ಕಸೆ ಸೀರೆಗಿಂತ ಒಳ್ಳೇದು ಸಿಗಲಿಕ್ಕಿಲ್ಲ. ಬಡಗಿನ ವೇಷದವರು ಕಚ್ಚೆ ಹಾಕಿ ಉಡುವ ಕಸೆಯ ಚೌಕಳಿ ಗೊತ್ತಲ್ಲ. ದೂರದಿಂದ ಹಿಡಿದಾಗ ಆ ಚೌಕಳಿಯ ಅಡ್ಡ ಗೆರೆ ಒಂದು ಸ್ಕ್ಯಾನ್ ಗೆರೆಯಷ್ಟೇ ದಪ್ಪ. ಒಂದು ಫೀಲ್ಡಿನಲ್ಲಿ ಇರುತ್ತದೆ, ಮುಂದಿನದರಲ್ಲಿ ಇರುವುದಿಲ್ಲ. ಯಾಡಿಫ್‌ನಲ್ಲಿ ಇಡೀ ಸೀರೆ ಕುದಿಯುತ್ತಿರುವಂತೆ ಕಂಡಿತು. ಕ್ಯೂಟಿಜಿಎಂಸಿಯ ಸ್ಲೋ ಪ್ರೀಸೆಟ್ಟಿನಲ್ಲಿ ಚೌಕಳಿ ನಿಂತಿತು, ಎಣಿಸಬಹುದು. ಅದರದ್ದೇ ಡಿನಾಯ್ಸ್ ಆಯ್ಕೆಯನ್ನು ಜೋರು ಮಾಡಿದಾಗ ಚೌಕಳಿ ಹೋಗಿ ಬರೀ ಕೆಂಪು ಬಟ್ಟೆ ಉಳಿಯಿತು. ಹಾಗಾಗಿ ಅದನ್ನು ಮುಟ್ಟಲಿಲ್ಲ. ಕಂಪ್ಯೂಟರ್ ಹಳೇದು. ರಾತ್ರಿ ಓಡಲು ಬಿಟ್ಟು ಮಲಗುವುದೇ.

ಬೆಳಕಿಗೆ ಒಂದು ಅಳತೆ, ಬಣ್ಣಕ್ಕೆ ಒಂದು

ಉಳಿದ ಚುಕ್ಕಿಗೆ ಅವಿಸಿಂತ್‌ಗೆ ಸೇರಿಸುವ ಎಂವಿಟೂಲ್ಸ್‌ನ ಎಂಡಿಗ್ರೇನ್2 ಫಿಲ್ಟರ್. ಹಿಂದೆ ಎರಡು, ಮುಂದೆ ಎರಡು ಫ್ರೇಮ್ ನೋಡುತ್ತದೆ. 50 ಫ್ರೇಮಿನ ಲೆಕ್ಕದಲ್ಲಿ ಐದು ಫ್ರೇಮ್ ಅಂದರೆ ಹತ್ತನೇ ಒಂದು ಸೆಕೆಂಡ್. ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೆ ಹೊಂದುವ ಚೌಕವನ್ನು ಆ ನಾಲ್ಕರಲ್ಲಿ ಹುಡುಕಿ, ಸಿಕ್ಕರೆ ಸರಾಸರಿ ತೆಗೆಯುತ್ತದೆ. ಎಷ್ಟು ಹೊಂದಿದರೆ ಸಾಕು ಅನ್ನುವುದಕ್ಕೆ ಒಂದು ಸಂಖ್ಯೆ ಇದೆ, ಟಿಎಚ್‌ಎಸ್‌ಎಡಿ. ಏನೂ ಹೇಳದಿದ್ದರೆ 400.

400ರಲ್ಲಿ ಪರದೆ, ಭಾಗವತರ ಮುಖ, ಮದ್ದಳೆಯವರ ಪೇಟ ಎಲ್ಲ ಚೊಕ್ಕ. ಮಂಡಿಗೆ ಬಂದಾಗ ಕಾಲ ಗೆಜ್ಜೆಯ ಹಿಂದೆ ಮಸುಕಾದ ಇನ್ನೊಂದು ಗೆಜ್ಜೆ. ಸರಿಯಾಗಿ ಹೊಂದದ ಚೌಕವನ್ನೂ ಫಿಲ್ಟರ್ ಒಪ್ಪಿಕೊಂಡಿತ್ತು. 200ಕ್ಕೆ ಇಳಿಸಿದೆ. ನೆರಳು ಹೋಯಿತು, ಗೆಜ್ಜೆಯ ಸುತ್ತ ಚುಕ್ಕಿ ವಾಪಸ್ಸು ಬಂತು. ಬರಲಿ. ತಿರುಗುವ ಕಾಲಿನ ಮೇಲಿನ ಚುಕ್ಕಿ ಓಡಿಸಿ ನೋಡುವಾಗ ಯಾರ ಕಣ್ಣಿಗೂ ಬೀಳುವುದಿಲ್ಲ. ಚುಕ್ಕಿ ಕಣ್ಣಿಗೆ ಚುಚ್ಚುವುದು ನಿಂತ ಪರದೆಯ ಮೇಲೆ, ಅಲ್ಲಿ 200 ಸಾಕಷ್ಟು ಕೆಲಸ ಮಾಡುತ್ತದೆ. ಒಂದು ಫ್ರೇಮ್ ನಿಲ್ಲಿಸಿ ದೊಡ್ಡದು ಮಾಡಿ ಅದನ್ನು ನೋಡಿಕೊಂಡೇ ಡಿನಾಯ್ಸ್ ಅಳತೆ ಇಡುವವರು ಜಾಸ್ತಿ. ಆಟವನ್ನು ಯಾರೂ ನಿಲ್ಲಿಸಿ ನೋಡುವುದಿಲ್ಲ.

ಬಣ್ಣದ ನಾಯ್ಸ್ ಬೇರೆಯೇ ಜಾತಿ. ವಿಎಚ್‌ಎಸ್‌ನಲ್ಲಿ ಬೆಳಕಿಗೆ ಅಡ್ಡಕ್ಕೆ ಸುಮಾರು 240 ಗೆರೆಗಳ ವಿವರ ಸಿಗುತ್ತದೆ. ಬಣ್ಣವನ್ನು 627 ಕಿಲೋಹರ್ಟ್ಜ್‌ಗೆ ಇಳಿಸಿ ಇಕ್ಕಟ್ಟಿನಲ್ಲಿ ತುರುಕಿರುತ್ತಾರೆ, ಅದಕ್ಕೆ ಸಿಗುವುದು ಹೆಚ್ಚೆಂದರೆ 40ರ ಹತ್ತಿರ. ಹಾಗಾಗಿ ಬಣ್ಣದ ನಾಯ್ಸ್ ಚುಕ್ಕಿಯಾಗಿ ಬರುವುದಿಲ್ಲ, ಅಂಗೈ ಅಗಲದ ಕಲೆಯಾಗಿ ತೇಲುತ್ತದೆ. ಕಪ್ಪು ಪರದೆಯ ಮೇಲೆ ಒಮ್ಮೆ ನೇರಳೆ, ಒಮ್ಮೆ ಹಸಿರು. ಕಳೆದುಕೊಳ್ಳಲು ಅಲ್ಲಿ ವಿವರವೇ ಇಲ್ಲ, ಆದ್ದರಿಂದ ಬಣ್ಣದ ಅಳತೆಯನ್ನು ಬೇರೆ ಮಾಡಿ 600ಕ್ಕೆ ಏರಿಸಿದೆ. ಜೊತೆಗೆ ಬಣ್ಣ ಸ್ವಲ್ಪ ಬಲಕ್ಕೂ ಕೆಳಕ್ಕೂ ಜಾರಿತ್ತು, ಮುಂಡಾಸಿನ ಕೆಂಪು ಅಂಚು ದಾಟಿ ಹೊರಗೆ ಸೋರುತ್ತಿತ್ತು. ಬಣ್ಣದ ಪದರವನ್ನು ಮಾತ್ರ 4 ಬಿಂದು ಎಡಕ್ಕೆ, 2 ಗೆರೆ ಮೇಲಕ್ಕೆ ಸರಿಸಿದೆ. ಇಷ್ಟಕ್ಕೇ ಚಿತ್ರ ಎಷ್ಟು ಚುರುಕಾಯಿತೆಂದರೆ, ಶಾರ್ಪನ್ ಮಾಡುವ ಯೋಚನೆಯನ್ನೇ ಬಿಟ್ಟೆ.

ಕನ್ನಡಿ ಚೂರು

ಇದರಲ್ಲಿ ನನಗೆ ಹೆಚ್ಚು ಹೊತ್ತು ತಿಂದದ್ದು ಡ್ರಾಪ್‌ಔಟ್. ಟೇಪಿನ ಲೇಪ ಉದುರಿದ ಕಡೆ ಒಂದು ಫೀಲ್ಡಿನಲ್ಲಿ ಬಿಳಿ ಗೀರು ಹೊಳೆದು ಮಾಯವಾಗುತ್ತದೆ. ಅದನ್ನು ತೆಗೆಯುವ ಫಿಲ್ಟರುಗಳ ತರ್ಕ ಸರಳ: ಹಿಂದಿನ ಫ್ರೇಮಿನಲ್ಲೂ ಇಲ್ಲ, ಮುಂದಿನದರಲ್ಲೂ ಇಲ್ಲ, ಇದರಲ್ಲಿ ಮಾತ್ರ ಇದೆ ಅಂದರೆ ಅದು ಕೊಳೆ. ತೆಗೆ.

ಹಾಕಿದೆ. ಗೀರೆಲ್ಲ ಹೋಯಿತು. ಆದರೆ ಅಭಿಮನ್ಯುವಿನ ವೇಷ ಯಾಕೋ ಮಂಕು. ಮೊದಲು ಗೊತ್ತಾಗಲಿಲ್ಲ. ಮೊದಲಿನದ್ದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಫ್ರೇಮ್ ಫ್ರೇಮ್ ಸರಿಸಿದಾಗ ಕಂಡಿತು. ಬಡಗಿನ ಎದೆಕಟ್ಟು, ಭುಜಕೀರ್ತಿ ಎಲ್ಲ ಹಗುರ ಮರದ್ದು, ಮೇಲೆ ಬೇಗಡೆ, ನಡುನಡುವೆ ಕನ್ನಡಿ ಚೂರು. ವೇಷ ತಿರುಗುವಾಗ ಒಂದೊಂದು ಚೂರು ದೀಪಕ್ಕೆ ಎದುರಾಗಿ ಫಳ್ ಅಂತ ಹೊಳೆಯುತ್ತದೆ, ಸರಿಯಾಗಿ ಒಂದು ಫೀಲ್ಡ್. ಮುಂದಿನ ಫೀಲ್ಡಿನಲ್ಲಿ ಅದು ಆರಿ ಪಕ್ಕದ್ದು ಹೊಳೆಯುತ್ತದೆ. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಫಿಲ್ಟರ್ ಒಂದೊಂದನ್ನೂ ಹೆಕ್ಕಿ ಅಳಿಸಿತ್ತು.

ಎರಡಕ್ಕೂ ಇರುವ ವ್ಯತ್ಯಾಸ ಆಕಾರದ್ದು. ಡ್ರಾಪ್‌ಔಟ್ ಒಂದೆರಡು ಗೆರೆ ದಪ್ಪ, ಅಡ್ಡಕ್ಕೆ ಉದ್ದ. ಕನ್ನಡಿಯ ಹೊಳಪು ಗಿಡ್ಡ, ಸುಮಾರು ಗುಂಡಗೆ. ಉದ್ದ ನೋಡಿ, ಗಿಡ್ಡ ಹೊಳಪನ್ನು ಬಿಡುವ ಹಾಗೆ ಫಿಲ್ಟರಿಗೆ ಮಾಸ್ಕ್ (ಮರೆ) ಹಾಕಿದೆ, ಆದರೂ ಕೆಲವು ಹೊಳಪು ಸಿಕ್ಕಿಬೀಳುತ್ತಿತ್ತು. ಕೊನೆಗೆ ವೇಷ ರಂಗದ ಮೇಲೆ ಕುಣಿಯುವ ಭಾಗಗಳಿಗೆ ಈ ಫಿಲ್ಟರನ್ನು ಪೂರ್ತಿ ತೆಗೆದುಹಾಕಿದೆ. ಕಣ್ಣಿಗೆ ತೀರಾ ರಾಚುವ ಗೀರುಗಳಿದ್ದ ಫ್ರೇಮ್ ನಂಬರ್ ಪಟ್ಟಿ ಮಾಡಿ, ಅವಕ್ಕೆ ಮಾತ್ರ ಹಾಕಿದೆ. ಕೂಲಿ ಕೆಲಸ. ಬೇರೆ ದಾರಿ ಕಾಣಲಿಲ್ಲ.

ಬಿಟ್ಟದ್ದು, ಕತ್ತರಿಸಿದ್ದು

ಕೆಲವು ಕಡೆ ಇಡೀ ಚಿತ್ರದ ಬೆಳಕು ಉಸಿರಾಡಿದಂತೆ ಏರಿಳಿಯುತ್ತದೆ. ಅದು ಟೇಪಿನ ದೋಷ ಅಲ್ಲ, ಜನರೇಟರಿನದ್ದು. 50 ಹರ್ಟ್ಜ್ ಕರೆಂಟಿನಲ್ಲಿ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಒಂದು ಫೀಲ್ಡಿಗೆ ಸರಿಯಾಗಿ ಎರಡು ಮಿನುಗು, ಹಾಗಾಗಿ ಕಾಣುವುದಿಲ್ಲ. ಜನರೇಟರ್ 48ಕ್ಕೆ ಇಳಿದರೆ ಮಿನುಗು 96, ಲೆಕ್ಕ ತಪ್ಪಿ ಸೆಕೆಂಡಿಗೆ ನಾಲ್ಕು ಸಲ ಬೆಳಕು ಏರಿಳಿಯುತ್ತದೆ. ಡಿಫ್ಲಿಕರ್ ಹಾಕಬಹುದಿತ್ತು. ಬಯಲಾಟ ಅಂದಮೇಲೆ ಜನರೇಟರ್ ಇದ್ದದ್ದೇ, ಇರಲಿ ಅಂತ ಬಿಟ್ಟೆ.

ಸದ್ದಿನಲ್ಲೂ ಹಾಗೆ. ಹಿಸ್ (ಟೇಪಿನ ಸುಯ್ ಅನ್ನುವ ಸದ್ದು) ಸ್ವಲ್ಪ ಮಾತ್ರ ಇಳಿಸಿದೆ. ಜೋರು ಮಾಡಿದರೆ ಚೆಂಡೆಯ ಪೆಟ್ಟಿನ ಮೊನೆ ಸವೆಯುತ್ತದೆ.

ಚಿತ್ರದ ತಳದಲ್ಲಿ ಹೆಡ್ ಬದಲಾಗುವ ಕಡೆ ಏಳೆಂಟು ಗೆರೆ ಯಾವಾಗಲೂ ಹರಿದಿರುತ್ತವೆ, ಅವನ್ನು ಕಪ್ಪು ಮಾಡಿ ಮುಚ್ಚಿದೆ. ಎಡಬಲಕ್ಕೆ 8 ಬಿಂದು ಕತ್ತರಿಸಿ 704 ಮಾಡಿದೆ. 4:3ಕ್ಕೆ ಸರಿಯಾಗಿ 1440ಕ್ಕೆ 1080 ಹಿಗ್ಗಿಸಿದೆ. ಹಿಗ್ಗಿಸಿದ್ದು ವಿವರ ಬರುತ್ತದೆ ಅಂತಲ್ಲ. ಯೂಟ್ಯೂಬ್ 720ಕ್ಕಿಂತ ಕೆಳಗಿನ ವಿಡಿಯೋಗೆ ಸೆಕೆಂಡಿಗೆ 50 ಫ್ರೇಮ್ ಕೊಡುವುದಿಲ್ಲ, ಅರ್ಧ ಬಿಸಾಡುತ್ತದೆ. ಇಷ್ಟೆಲ್ಲ ಮಾಡಿ 25ಕ್ಕೆ ಬಂದು ನಿಂತರೆ ಏನು ಬಂತು? ಹಿಗ್ಗಿಸುವಾಗ ಬಣ್ಣದ ಲೆಕ್ಕವನ್ನೂ 601ರಿಂದ (ಹಳೇ ಟಿವಿಯದ್ದು) 709ಕ್ಕೆ (ಎಚ್‌ಡಿಯದ್ದು) ಬದಲಿಸಬೇಕು. ಬರೀ ಹಿಗ್ಗಿಸಿ ಬಿಟ್ಟರೆ ಕಸೆಯ ಕೆಂಪು ಕಿತ್ತಳೆಯ ಕಡೆಗೆ ಜಾರುತ್ತದೆ. ಕೊನೆಗೆ ಎಕ್ಸ್264 ಕಂಪ್ರೆಶನ್, ಗುಣಮಟ್ಟದ ಅಳತೆ ಸಿಆರ್‌ಎಫ್ 18.

ಮೂಲ ಕ್ಯಾಪ್ಚರನ್ನು ಏನೂ ಕೆಡಿಸದ ಎಫ್‌ಎಫ್‌ವಿ1 ಕಂಪ್ರೆಶನ್‌ಗೆ ಬದಲಿಸಿ, ಮೇಲಿನ ಫೀಲ್ಡ್ ಮೊದಲು ಅಂತ ಗುರುತು ಹಾಕಿ, ಚುಕ್ಕಿ ಗೀರು ಸಮೇತ ಎರಡು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದೇನೆ. ಡಿನಾಯ್ಸ್ ಮಾಡಿದ್ದು ನೋಡಲಿಕ್ಕೆ, ಇಡಲಿಕ್ಕೆ ಇದು.

ಟೇಪಿನ ಕೊನೆಯ ಭಾಗ ಇನ್ನೂ ಆಗಿಲ್ಲ. ಅಲ್ಲಿ ಟ್ರ್ಯಾಕಿಂಗ್ (ಹೆಡ್ ಟೇಪಿನ ಮೇಲಿನ ಬರಹದ ದಾರಿ ಹಿಡಿಯುವುದು) ನಿಲ್ಲುತ್ತಿಲ್ಲ, ಮೇಲಿನ ಕಾಲು ಭಾಗ ಮಡಚಿಕೊಳ್ಳುತ್ತದೆ. ಗುಂಡಿ ತಿರುಗಿಸಿ ನೋಡಿಯಾಯಿತು. ಬೇರೆ ವಿಸಿಆರ್‌ನಲ್ಲಿ ಹಾಕಿ ನೋಡಬೇಕು. ಉಡುಪಿಯಲ್ಲಿ ಒಬ್ಬರ ಹತ್ತಿರ ಕೆಲಸ ಮಾಡುವುದೊಂದು ಇದೆಯಂತೆ, ಮುಂದಿನ ವಾರ ಹೋಗುವುದಿದೆ.